ಕಟ್ಟಿಕೊಂಡ ಗಟಾರದ ಖರ್ಚು ಬಾಡಿಗೆದಾರರದೋ, ಮಾಲೀಕರದೋ?

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿ ಎರಡಂತಸ್ತಿನ ಕಟ್ಟಡವೊಂದರ ಕೆಳಗಿನ ಮನೆಯಲ್ಲಿ ಹದಿನಾರು ತಿಂಗಳಿನಿಂದ ಬಾಡಿಗೆಗಿದ್ದೇವೆ. ಬಾಡಿಗೆ ತಿಂಗಳಿಗೆ 9,000 ರೂಪಾಯಿ. ಮೇಲಿನ ಮನೆಯಲ್ಲಿ ಮಾಲೀಕರ ಕುಟುಂಬವಿದೆ. ಎರಡೂ ಮನೆಗಳ ಬಚ್ಚಲು ಮತ್ತು ಅಡುಗೆಮನೆಯ ನೀರು ಹಿತ್ತಲಿನ ಒಂದೇ ಚೇಂಬರಿಗೆ ಬಂದು, ಅಲ್ಲಿಂದ ಪಕ್ಕದವರ ಹಿತ್ತಲಿನ ಅಂಚಿನಲ್ಲಿ ಹೂತ ಪೈಪಿನ ಮೂಲಕ ಊರ ಗಟಾರ ಸೇರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಬಚ್ಚಲ ಜಾಲರಿಯಿಂದ ಹೊಲಸು ನೀರು ಉಕ್ಕಿ ಕೋಣೆಗಳಿಗೆ ನುಗ್ಗಿತು. ಊರಲ್ಲಿಲ್ಲದ ಮಾಲೀಕರು ಫೋನಿನಲ್ಲಿ "ಮಾಡಿಸಿಕೊಳ್ಳಿ, ಆಮೇಲೆ ನೋಡೋಣ" ಎಂದರು. ಇಬ್ಬರನ್ನು ಕರೆಸಿ, 6,500 ರೂಪಾಯಿ ಕೊಟ್ಟು ತೆಗೆಸಿದೆವು. ಚೇಂಬರಿನಾಚೆಯ ಪೈಪಿನಿಂದ ತೆಂಗಿನ ಬೇರಿನ ದೊಡ್ಡ ಗಂಟು, ಅದರಲ್ಲಿ ಸಿಕ್ಕಿಕೊಂಡ ಜಿಡ್ಡು, ಮೀನಿನ ಹುರುಪೆ ಬಂದವು. ತೆಂಗಿನ ಮರ ಪಕ್ಕದವರದು. ಅದೇ ದಿನ ಕೆಲಸದವರಲ್ಲೊಬ್ಬರು ಶೌಚದ ಟ್ಯಾಂಕೂ ತುಂಬಿದೆ ಎಂದು ಅದರೊಳಗೆ ಇಳಿಯಲು ಹೊರಟಾಗ ನಾವು ತಡೆದೆವು. ಕರಾರಿನಲ್ಲಿ "ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು" ಎಂದಿದೆ. ಬಳಸಿದವರೇ ಕೊಡಬೇಕು, ಟ್ಯಾಂಕನ್ನೂ ನೀವೇ ಖಾಲಿ ಮಾಡಿಸಿ ಎಂದು ಮಾಲೀಕರು ಹೇಳುತ್ತಿದ್ದಾರೆ. ಈ ಹಣವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೇ?

ಉತ್ತರ: ನೀವು ಬರೆದಿರುವುದನ್ನು ಹಾಗೆಯೇ ಹಿಡಿದು ಹೇಳುವುದಾದರೆ, 6,500 ರೂಪಾಯಿಯ ಬಹುಪಾಲನ್ನು ಮಾಲೀಕರೇ ಹೊರಬೇಕು, ಒಂದು ಸಣ್ಣ ಪಾಲನ್ನು ನೀವು ಹೊರುವುದು ನ್ಯಾಯ. ಶೌಚದ ಟ್ಯಾಂಕಿನ ಖರ್ಚು ನಿಮ್ಮ ಮೇಲೆ ಬರುವುದಿಲ್ಲ. ಬಾಡಿಗೆಯಲ್ಲಿ ಮುರಿದುಕೊಳ್ಳುವ ಯೋಚನೆಯನ್ನು ಮಾತ್ರ ಸದ್ಯಕ್ಕೆ ಬದಿಗಿಡಿ. ಕಾರಣವನ್ನು ಮುಂದೆ ವಿವರಿಸುತ್ತೇನೆ.

"ಬಳಸಿದವರು ಕೊಡಬೇಕು" ಎಂಬ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯವಿದೆ. ಆದರೆ ನೀರು ಉಕ್ಕಿದ ಮನೆಯೇ ಬೇರೆ, ನೀರು ಕಟ್ಟಿದ ಜಾಗವೇ ಬೇರೆ. ಎರಡು ಮನೆಗಳ ನೀರು ಸೇರುವ ಪೈಪು ಮುಂದೆ ಕಟ್ಟಿಕೊಂಡಾಗ, ಹಿಂದೆ ನಿಂತ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯನ್ನು ಹುಡುಕಿಕೊಂಡು ಮೇಲೇಳುತ್ತದೆ, ಮತ್ತು ಆ ಬಾಯಿ ಸಾಮಾನ್ಯವಾಗಿ ಕೆಳಗಿನ ಮನೆಯ ಬಚ್ಚಲಿನದೇ ಆಗಿರುತ್ತದೆ. ಮಹಡಿಯವರು ಸ್ನಾನ ಮಾಡಿದ ನೀರೂ ನಿಮ್ಮ ಕೋಣೆಗೇ ಬರುತ್ತದೆ. ಅವರಿಗೆ ತೊಂದರೆ ಗೊತ್ತೇ ಆಗುವುದಿಲ್ಲ. ಹೀಗಾಗಿ ಕೆಳಗಿನ ಮನೆಯವರು ಹೊಲಸನ್ನೂ ಬಳಿದು ಖರ್ಚನ್ನೂ ಹೊರುವ ಪರಿಪಾಠ ನಮ್ಮ ಊರುಗಳಲ್ಲಿ ಬೆಳೆದುಬಿಟ್ಟಿದೆ. ಇದಕ್ಕೆ ಕಾನೂನಿನ ಆಧಾರವೂ ಇಲ್ಲ, ನ್ಯಾಯದ ಆಧಾರವೂ ಇಲ್ಲ.

ಖರ್ಚು ಯಾರದೆಂದು ತೀರ್ಮಾನಿಸುವುದಕ್ಕೆ ಮೊದಲು ಎರಡು ಸಂಗತಿಗಳು ಗೊತ್ತಾಗಬೇಕು: ಎಲ್ಲಿ ಕಟ್ಟಿದೆ ಮತ್ತು ಏತರಿಂದ ಕಟ್ಟಿದೆ. ಮೊದಲನೆಯದನ್ನು ತಿಳಿಯಲು ಚೇಂಬರಿನ ಮುಚ್ಚಳ ತೆಗೆದರೆ ಸಾಕು. ಮನೆಯೊಳಗೆ ನೀರು ನಿಂತಿದ್ದರೂ ಚೇಂಬರು ಬರಿದಾಗಿದ್ದರೆ, ಕಟ್ಟಿರುವುದು ನಿಮ್ಮ ಮನೆಯಿಂದ ಚೇಂಬರಿನವರೆಗಿನ ಪೈಪಿನಲ್ಲಿ. ಅದನ್ನು ಬಳಸುವವರು ನೀವು ಮಾತ್ರ. ಚೇಂಬರು ತುಂಬಿ ನಿಂತಿದ್ದರೆ ಅಡ್ಡಿ ಅದರಾಚೆಗಿದೆ, ಅಂದರೆ ಇಬ್ಬರೂ ಬಳಸುವ ಪೈಪಿನಲ್ಲಿ. ಆ ಪೈಪಿನ ಕೊನೆಯಲ್ಲಿ ಊರ ಗಟಾರವೇ ತುಂಬಿಕೊಂಡಿದ್ದರೆ ಅದು ನಗರಸಭೆಯ ಹೊಣೆ. ನಿಮ್ಮಲ್ಲಿ ಬೇರಿನ ಗಂಟು ಸಿಕ್ಕಿರುವುದು ಚೇಂಬರಿನಾಚೆ. ಇಡೀ ಪ್ರಕರಣದಲ್ಲಿ ನಿಮ್ಮ ಪರವಾಗಿರುವ ಅತಿ ಗಟ್ಟಿಯಾದ ಅಂಶ ಇದೇ. ಕೆಲಸ ಮಾಡಿದವರಿಂದ ಎಲ್ಲಿ ಏನು ಸಿಕ್ಕಿತು ಎಂಬುದನ್ನು ಎರಡು ಸಾಲಿನಲ್ಲಿ ಬರೆಸಿ, ಹಣ ಪಡೆದ ಬಗ್ಗೆ ಸಹಿ ಹಾಕಿಸಿಕೊಳ್ಳಿ. ಆ ದಿನ ತೆಗೆದ ಫೋಟೊಗಳಿದ್ದರೆ ಅಳಿಸಬೇಡಿ. ಪೈಪು ಸ್ವಚ್ಛವಾದ ಮೇಲೆ ಕಾರಣಕ್ಕೆ ಸಾಕ್ಷಿಯೇ ಉಳಿಯದಿರುವುದರಿಂದ, ಇಂಥ ಜಗಳಗಳಲ್ಲಿ ಹೆಚ್ಚಿನವು ಇತ್ಯರ್ಥವಾಗದೆ ಉಳಿಯುತ್ತವೆ.

ಇನ್ನು ಕಾರಣ. ತೆಂಗಿಗೆ ತಾಯಿಬೇರಿಲ್ಲ, ಬುಡದಿಂದ ನೂರಾರು ಬೇರುಗಳು ಸುತ್ತ ಹರಡುತ್ತವೆ, ಅವುಗಳಿಂದ ಹೊರಡುವ ಕವಲುಗಳು ತೀರ ಸಣ್ಣವು. ಸರಿಯಾಗಿ ಅಂಟಿಸಿದ ಪಿವಿಸಿ ಪೈಪಿನೊಳಗೆ ಅವು ಸುಲಭವಾಗಿ ನುಗ್ಗುವುದಿಲ್ಲ. ನುಗ್ಗಿವೆ ಎಂದಾದರೆ ಪೈಪಿನ ಕೀಲು ಬಿಟ್ಟಿದೆ ಅಥವಾ ಎಲ್ಲೋ ಸೀಳಿದೆ ಎಂದೇ ಅರ್ಥ. ಹಳೆಯ ಮನೆಗಳಲ್ಲಿ ಸಿಮೆಂಟಿನಿಂದ ಕೂಡಿಸಿದ ಪೈಪುಗಳಿದ್ದರೆ, ಮರಳು ಮಣ್ಣಿನ ನೆಲ ಸ್ವಲ್ಪ ಕುಸಿದರೂ ಕೀಲುಗಳು ಬಾಯಿಬಿಡುತ್ತವೆ. ಕೋಡಿಬಾಗದಂಥ ಕಾಳಿ ನದಿಯ ಅಳಿವೆಯ ಬಳಿಯ ನೆಲದಲ್ಲಿ ಇದು ಅಪರೂಪವಲ್ಲ. ಬೇರು ಅಷ್ಟು ದೊಡ್ಡ ಗಂಟಾಗಿ ಬೆಳೆಯುವುದಕ್ಕೆ ಕಾಲ ಹಿಡಿಯುತ್ತದೆ. ನೀವು ಅಲ್ಲಿಗೆ ಬರುವ ಮುಂಚೆಯೇ ಅದು ಒಳಹೊಕ್ಕಿರುವ ಸಾಧ್ಯತೆ ಹೆಚ್ಚು. ಬೇರು ಒಳಗಿದ್ದ ಮೇಲೆ ಜಿಡ್ಡು, ಕೂದಲು, ಹುರುಪೆ ಎಲ್ಲವೂ ಅದಕ್ಕೇ ತೊಡರಿಕೊಳ್ಳುತ್ತವೆ. ಹಾಗಾಗಿ ಮೂಲ ಕಾರಣ ಒಡೆದ ಪೈಪು, ಹುರುಪೆ ಮತ್ತು ಜಿಡ್ಡು ಅದನ್ನು ಬೇಗ ಮುಚ್ಚಿದ ವಸ್ತುಗಳು.

ಹುರುಪೆ ಯಾರ ಅಡುಗೆಮನೆಯದು ಎಂದು ನೀವಾಗಲಿ ಮಾಲೀಕರಾಗಲಿ ಹೇಳುವಂತಿಲ್ಲ, ಏಕೆಂದರೆ ಎರಡು ಮನೆಗಳ ನೀರೂ ಅಲ್ಲಿ ಸೇರಿದೆ. ನಿಮ್ಮ ಮನೆಯಲ್ಲೂ ತಾರ್ಲೆಯನ್ನೋ ಇನ್ನಾವುದೋ ಮೀನನ್ನೋ ಸಿಂಕಿನಲ್ಲೇ ತಿಕ್ಕಿ ತೊಳೆಯುತ್ತಿದ್ದರೆ ಒಂದು ಪಾಲು ನಿಮ್ಮದೂ ಹೌದು. ಮೀನು ತೊಳೆದ ನೀರನ್ನು ತೆಳು ಬಟ್ಟೆಯಲ್ಲೋ ಸಣ್ಣ ಜಾಲರಿಯಲ್ಲೋ ಸೋಸಿ, ಹುರುಪೆಯನ್ನು ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಕರಾವಳಿಯ ಹಳೆಯ ಪದ್ಧತಿ. ಸಿಂಕು ಬಂದ ಮೇಲೆ ಅದು ತಪ್ಪಿಹೋಗಿದೆ. ಗಂಜಿ ಬಸಿದ ತೆಳಿಯೂ ಪೈಪಿನೊಳಗೆ ಅಂಟಾಗಿ ಕೂರುತ್ತದೆ. ಶಿರಸಿ, ಸಿದ್ದಾಪುರದ ಕಡೆ ಚಳಿಗಾಲದಲ್ಲಿ ಇನ್ನೊಂದು ತೊಂದರೆಯಿದೆ: ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುವುದರಿಂದ, ಬಾಣಲೆ ತೊಳೆದ ಬಿಸಿನೀರಿನ ಜೊತೆ ಹೋದ ಎಣ್ಣೆ ಹಿತ್ತಲಿನ ತಣ್ಣನೆಯ ಪೈಪಿನಲ್ಲಿ ಹೆಪ್ಪುಗಟ್ಟುತ್ತದೆ.

ಈಗ ಕಾನೂನಿಗೆ ಬರೋಣ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಹಲವರು ನೆಚ್ಚಿಕೊಳ್ಳುತ್ತಾರೆ, ಆದರೆ ಅದು ಕಡಿಮೆ ಬಾಡಿಗೆಯ ವಾಸದ ಮನೆಗಳಿಗೆಂದು ಬಂದದ್ದು. ಅದರ ಮಿತಿ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ. ನಿಮ್ಮ 9,000 ರೂಪಾಯಿಯ ಬಾಡಿಗೆ ಅದರಾಚೆಗಿರುವುದರಿಂದ ನಿಮಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, ಅದರಲ್ಲೂ 108ನೇ ಕಲಮು. ವಿರುದ್ಧವಾದ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಲ್ಲಿ ಈ ನಿಯಮಗಳು ನಡೆಯುತ್ತವೆ ಎಂದೇ ಆ ಕಲಮು ಆರಂಭವಾಗುತ್ತದೆ. ಆದ್ದರಿಂದ ಮೊದಲು ಕರಾರನ್ನು ನೋಡಬೇಕು, ನಂತರ ರೂಢಿಯನ್ನು, ಕೊನೆಗೆ ಕಾಯ್ದೆಯನ್ನು.

"ಸಣ್ಣಪುಟ್ಟ ರಿಪೇರಿ" ಎಂಬ ಸಾಲಿನೊಳಗೆ ನಲ್ಲಿಯ ವಾಷರು, ಬಲ್ಬಿನ ಹೋಲ್ಡರು, ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸಿಕ್ಕಿಕೊಂಡ ಕಸ, ಬಚ್ಚಲ ಜಾಲರಿಯ ಕೂದಲು ಇವೆಲ್ಲ ಬರುತ್ತವೆ. ನೆಲದೊಳಗೆ ಹೂತಿರುವ, ಎರಡು ಮನೆಗಳಿಗೆ ಸೇರಿದ, ಕೀಲು ಬಿಟ್ಟ ಪೈಪು ಅದರಲ್ಲಿ ಬರುತ್ತದೆಂದು ವಾದಿಸುವುದು ಕಷ್ಟ. ರೂಢಿಯ ಮಾತೂ ಹಾಗೆಯೇ. ಮಳೆಗಾಲಕ್ಕೆ ಮುಂಚೆ ಅಂಗಳದ ಗಟಾರವನ್ನು ವಾಸವಿರುವವರೇ ಕೆರೆದು ಸ್ವಚ್ಛ ಮಾಡಿಕೊಳ್ಳುವುದು ನಮ್ಮಲ್ಲಿ ನಡೆದುಬಂದಿದೆ, ಆದರೆ ಆ ರೂಢಿ ಕಣ್ಣಿಗೆ ಕಾಣುವ ತೆರೆದ ಗಟಾರಕ್ಕೆ ಸಂಬಂಧಿಸಿದ್ದು. 2021ರಲ್ಲಿ ಕೇಂದ್ರ ಸರ್ಕಾರ ಹೊರತಂದ ಮಾದರಿ ಬಾಡಿಗೆ ಕಾಯ್ದೆಯನ್ನು ಮಾಲೀಕರು ನಿಮಗೆ ತೋರಿಸಬಹುದು, ಏಕೆಂದರೆ ಅದರ ಅನುಸೂಚಿಯಲ್ಲಿ ಗಟಾರ ಸ್ವಚ್ಛ ಮಾಡಿಸುವುದು ಬಾಡಿಗೆದಾರರ ಪಾಲಿಗೆ ಬಂದಿದೆ. ಅದೇ ಅನುಸೂಚಿಯಲ್ಲಿ ಕಟ್ಟಡದ ಮೂಲ ರಚನೆಯ ದುರಸ್ತಿ ಮತ್ತು ಅಗತ್ಯಬಿದ್ದಾಗ ಕೊಳಾಯಿ ಪೈಪುಗಳನ್ನು ಬದಲಿಸುವುದು ಮಾಲೀಕರ ಪಾಲಿಗಿದೆ ಎಂಬುದನ್ನೂ ಓದಬೇಕು. ಅಲ್ಲದೆ ಅದು ಮಾದರಿ ಮಾತ್ರ. ರಾಜ್ಯವೊಂದು ಅದನ್ನು ತನ್ನ ಶಾಸನವಾಗಿ ಮಾಡಿಕೊಂಡಾಗಲೇ ಅದಕ್ಕೆ ಬಲ ಬರುವುದು.

108ನೇ ಕಲಮಿನ ಮೂರು ನಿಯಮಗಳು ನಿಮಗೆ ಮುಖ್ಯ. ಮನೆಯಲ್ಲಿ ಮಹತ್ವದ ದೋಷವೊಂದಿದ್ದು, ಅದು ಮಾಲೀಕರಿಗೆ ತಿಳಿದಿದ್ದರೆ ಮತ್ತು ಬಾಡಿಗೆಗೆ ಬರುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣುವಂಥದಲ್ಲದಿದ್ದರೆ, ಅದನ್ನು ತಿಳಿಸುವುದು ಮಾಲೀಕರ ಕರ್ತವ್ಯ. ಹಿಂದಿನ ಮಳೆಗಾಲಗಳಲ್ಲೂ ಈ ಪೈಪು ಕಟ್ಟುತ್ತಿತ್ತೇ ಎಂದು ಹಿಂದೆ ಬಾಡಿಗೆಗಿದ್ದವರನ್ನು ಕೇಳಿ ನೋಡಿ. ಹೌದೆಂದಾದರೆ ನಿಮ್ಮ ವಾದಕ್ಕೆ ಬಹಳ ಬಲ ಬರುತ್ತದೆ. ಎರಡನೆಯದಾಗಿ, ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸು ಕೊಟ್ಟ ಮೇಲೂ ಸಮಂಜಸ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರರು ತಾವೇ ಮಾಡಿಸಿ, ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮೂರನೆಯದು ಬಾಡಿಗೆದಾರರ ಹೊಣೆ: ಸಹಜ ಸವೆತವನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲೇ ಕಾಪಾಡಬೇಕು, ಮತ್ತು ತಮ್ಮ ಅಥವಾ ತಮ್ಮವರ ತಪ್ಪಿನಿಂದ ಆದ ದೋಷವನ್ನು ಮಾಲೀಕರು ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಸರಿಪಡಿಸಬೇಕು.

ಹಣ ಮುರಿದುಕೊಳ್ಳಬೇಡಿ ಎಂದು ಮೊದಲೇ ಹೇಳಿದ್ದು ಎರಡನೆಯ ನಿಯಮದ ಒಂದು ಸೂಕ್ಷ್ಮದಿಂದಾಗಿ. "ಮಾಡಿಸಲೇಬೇಕಾದ ದುರಸ್ತಿ" ಎಂಬುದು ಕರಾರಿನಿಂದಲೋ ಕಾನೂನಿನಿಂದಲೋ ಬಂದಿರಬೇಕು. ಪ್ರತಿಯೊಂದು ದುರಸ್ತಿಯೂ ಮಾಲೀಕರದೇ ಎಂದು ಈ ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ. ನಿಮ್ಮ ಕರಾರು ದೊಡ್ಡ ದುರಸ್ತಿಯ ಬಗ್ಗೆ ಏನನ್ನೂ ಹೇಳಿಲ್ಲ, ಲಿಖಿತ ನೋಟಿಸನ್ನೂ ನೀವು ಕೊಟ್ಟಿಲ್ಲ. ಈ ಸ್ಥಿತಿಯಲ್ಲಿ ಬಾಡಿಗೆ ಕಡಿಮೆ ಕೊಟ್ಟರೆ ಮಾಲೀಕರು ಅದನ್ನು ಬಾಡಿಗೆ ಬಾಕಿ ಎಂದು ಬರೆದುಕೊಂಡು, ಗಟಾರದ ಜಗಳವನ್ನು ಮನೆ ಖಾಲಿ ಮಾಡಿಸುವ ಜಗಳವಾಗಿ ತಿರುಗಿಸುವುದಕ್ಕೆ ಅವಕಾಶವಾಗುತ್ತದೆ. ಬಾಡಿಗೆಯನ್ನು ಪೂರ್ತಿ ಕೊಟ್ಟು, ಖರ್ಚನ್ನು ಬೇರೆಯಾಗಿ ಕೇಳಿ.

ಹಾಗೆ ಕೇಳುವುದಕ್ಕೆ ನಿಮ್ಮಲ್ಲಿ ಇನ್ನೂ ಒಳ್ಳೆಯ ಆಧಾರವಿದೆ. 1872ರ ಕರಾರು ಕಾಯ್ದೆಯ 70ನೇ ಕಲಮಿನ ಪ್ರಕಾರ, ಒಬ್ಬರು ಇನ್ನೊಬ್ಬರಿಗಾಗಿ ನ್ಯಾಯಬದ್ಧವಾಗಿ, ಪುಕ್ಕಟೆಯೆಂಬ ಉದ್ದೇಶವಿಲ್ಲದೆ ಏನನ್ನಾದರೂ ಮಾಡಿ, ಅದರ ಪ್ರಯೋಜನವನ್ನು ಆ ಇನ್ನೊಬ್ಬರು ಪಡೆದರೆ, ಅವರು ಪರಿಹಾರ ಕೊಡಬೇಕು. ಪೈಪು ತೆರವಾದದ್ದರಿಂದ ಮಹಡಿಯ ಮನೆಯ ನೀರೂ ಹರಿಯುತ್ತಿದೆ. ಮೇಲಾಗಿ "ಮಾಡಿಸಿಕೊಳ್ಳಿ, ಆಮೇಲೆ ನೋಡೋಣ" ಎಂಬ ಮಾತು ಕೆಲಸಕ್ಕೆ ಒಪ್ಪಿಗೆಯಾಗಿದ್ದು, ಲೆಕ್ಕವನ್ನು ಮುಂದಕ್ಕೆ ಹಾಕಿದ ಮಾತೂ ಆಗಿದೆ. ಆ ಕರೆಯ ದಿನ, ಹೊತ್ತು ನಿಮ್ಮ ಫೋನಿನಲ್ಲಿ ಇರುತ್ತದೆ. ಅದನ್ನು ಉಲ್ಲೇಖಿಸಿ ಈಗಲಾದರೂ ಒಂದು ಪತ್ರವನ್ನೋ ವಾಟ್ಸಾಪ್ ಸಂದೇಶವನ್ನೋ ಕಳುಹಿಸಿ. ನನ್ನ ಎಣಿಕೆಯಲ್ಲಿ ನೀವು 1,500 ರೂಪಾಯಿಯನ್ನು ನಿಮ್ಮ ಪಾಲೆಂದು ಒಪ್ಪಿಕೊಂಡು ಉಳಿದ 5,000 ರೂಪಾಯಿ ಕೇಳುವುದು ಸರಿ: ಬೇರು ತೆಗೆದ ಕೆಲಸ ಪೂರ್ತಿ ಮಾಲೀಕರದು, ಜಿಡ್ಡು ಹುರುಪೆಗಳ ಪಾಲು ಎರಡೂ ಮನೆಗಳದು.

ಮರ ಪಕ್ಕದವರದೆಂದು ಮಾಲೀಕರು ನಿಮ್ಮನ್ನು ಅತ್ತ ಕಳಿಸಬಹುದು. ಆ ಲೆಕ್ಕ ಅವರಿಬ್ಬರ ನಡುವಿನದು, ನಿಮ್ಮದಲ್ಲ. ಇತರರ ಜಾಗದಲ್ಲಿ ಹಾದುಹೋಗುವ ಪೈಪಿನ ವಿಷಯ 1882ರ ಭಾರತೀಯ ಅನುಭೋಗಾಧಿಕಾರ ಕಾಯ್ದೆಗೆ ಸೇರಿದ್ದು. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಈ ಕಾಯ್ದೆ ಇಲ್ಲಿಗೆ ಬಂದದ್ದು ಅದನ್ನು ಮುಂಬಯಿಗೆ ವಿಸ್ತರಿಸಿದ 1891ರಲ್ಲಿ. ಪೈಪು ಹಾಯಿಸುವ ಹಕ್ಕು ಯಾರದೋ, ಅದನ್ನು ದುರಸ್ತಿಯಲ್ಲಿಡುವ ಖರ್ಚೂ ಅವರದೇ ಎಂಬುದು ಇದರ 25ನೇ ಕಲಮು. ದುರಸ್ತಿಗಾಗಿ ಪಕ್ಕದವರ ಜಾಗಕ್ಕೆ ಹೋಗಿ ಅಗೆಯಬಹುದು, ಆದರೆ ನೆಲವನ್ನು ಮೊದಲಿನಂತೆ ಮುಚ್ಚಿಕೊಡಬೇಕು. ಆ ಹಕ್ಕು ಬರಹದಲ್ಲಿ ಇಲ್ಲದಿದ್ದರೂ, 20 ವರ್ಷ ಎಡೆಬಿಡದೆ, ಬಹಿರಂಗವಾಗಿ, ಹಕ್ಕಿನಿಂದೆಂಬಂತೆ ಬಳಸಿದ್ದರೆ ದೊರೆಯುತ್ತದೆ. ಶಿರಸಿಯ ಇಳಿಜಾರಿನ ಬಡಾವಣೆಗಳಲ್ಲಿ ಮೇಲಿನ ಮನೆಯ ಬಚ್ಚಲ ನೀರು ಕೆಳಗಿನ ಮನೆಯ ಹಿತ್ತಲಿನಲ್ಲಿ ಹಾದುಹೋಗುವ ಕಡೆಯೆಲ್ಲ ಇದೇ ನಿಯಮ ನಡೆಯುತ್ತದೆ. ನಿಮ್ಮ ಮಾಲೀಕರು ಈ ಬೇಸಿಗೆಯಲ್ಲಿ ಆ ಅಂಚಿನ ಪೈಪನ್ನು ಬದಲಿಸದಿದ್ದರೆ ಬೇರು ಮತ್ತೆ ಬರುವ ಸಾಧ್ಯತೆ ಹೆಚ್ಚು; ಬಿರುಕು ಇರುವವರೆಗೆ ಅದಕ್ಕೆ ದಾರಿ ತೆರೆದೇ ಇರುತ್ತದೆ. ಹೊಸ ಪೈಪನ್ನು ಪ್ರತಿ ಮೀಟರಿಗೆ ಎರಡರಿಂದ ಎರಡೂವರೆ ಸೆಂಟಿಮೀಟರಿನಷ್ಟು ಇಳಿಜಾರಿನಲ್ಲಿ ಹಾಕಿಸಲು, ಮಾಡಿನ ಮಳೆನೀರಿನ ಪೈಪನ್ನು ಅದಕ್ಕೆ ಜೋಡಿಸದಿರಲು ಹೇಳಿ.

ಊರ ಗಟಾರವೇ ಕಟ್ಟಿದ್ದರೆ ದೂರನ್ನು ನಗರಸಭೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಅಂಕೋಲೆ, ಕುಮಟೆಗಳಲ್ಲಾದರೆ ಪುರಸಭೆಗೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಗೆ. ಹಣವಿಲ್ಲ ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಕಾಗಿಲ್ಲ. ಮಧ್ಯಪ್ರದೇಶದ ರತ್ಲಾಮಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1980ರಲ್ಲೇ, ಗಟಾರ ನಿರ್ಮಿಸಿ ನೈರ್ಮಲ್ಯ ಕಾಪಾಡುವ ಶಾಸನಬದ್ಧ ಕರ್ತವ್ಯದಿಂದ ಪುರಸಭೆ ಹಣದ ಕೊರತೆಯನ್ನು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದು ತೀರ್ಪು ಕೊಟ್ಟಿದೆ.

ಇನ್ನು ಶೌಚದ ಟ್ಯಾಂಕು. ಇಳಿಯಲು ಹೊರಟವರನ್ನು ನೀವು ತಡೆದದ್ದು ಬಹಳ ದೊಡ್ಡ ಕೆಲಸ. ಆ ಟ್ಯಾಂಕಿನೊಳಗೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಅನಿಲಗಳು ತುಂಬಿ ಆಮ್ಲಜನಕ ಇಲ್ಲದಂತಾಗಿರುತ್ತದೆ. ಇಳಿದವರು ಕೂಗಿಕೊಳ್ಳುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ, ಎತ್ತಲು ಇಳಿದ ಎರಡನೆಯವರೂ ಅಲ್ಲೇ ಬೀಳುತ್ತಾರೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಗತ್ಯ ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಒಳಚರಂಡಿ ಅಥವಾ ಶೌಚದ ಟ್ಯಾಂಕಿಗೆ ಇಳಿಸುವುದು ಅಪರಾಧ. ಇಳಿಸಿದವರು ಮನೆಯವರಾದರೂ, ಬಾಡಿಗೆದಾರರಾದರೂ, ಮೊದಲ ಸಲವೇ 2 ವರ್ಷದವರೆಗಿನ ಸೆರೆ, 2 ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡೂ ಆಗಬಹುದು. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ರೂಪಾಯಿಯೆಂದು ನಿಗದಿಪಡಿಸಿ, 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಅಗ್ಗವೆಂದೋ, ರಾತ್ರಿಯಲ್ಲಿ ಯಾರೂ ನೋಡುವುದಿಲ್ಲವೆಂದೋ ಈ ಕೆಲಸ ಇನ್ನೂ ನಡೆಯುತ್ತಿರುವುದು ನನ್ನನ್ನು ತುಂಬ ನೋಯಿಸುತ್ತದೆ. ಯಾವ ಮಾಲೀಕರು ಹೇಳಿದರೂ ಇದನ್ನು ಮಾಡಿಸಬೇಡಿ. ಟ್ಯಾಂಕಿನ ಕೆಲಸಕ್ಕೆ ಸಕ್ಕಿಂಗ್ ಯಂತ್ರದ ಗಾಡಿಯೇ ಬರಬೇಕು.

ಆ ಗಾಡಿಯನ್ನೂ ಮಳೆಗಾಲದಲ್ಲಿ ತರಿಸಬೇಡಿ. ಕಡಲ ಬದಿಯಲ್ಲಿ ಜುಲೈ ಹೊತ್ತಿಗೆ ಅಂತರ್ಜಲ ನೆಲದ ಮಟ್ಟಕ್ಕೆ ಬಂದು, ಇಂಗುಗುಂಡಿ ನೀರನ್ನು ಹೀರುವುದನ್ನೇ ನಿಲ್ಲಿಸುತ್ತದೆ. ಟ್ಯಾಂಕು ತುಂಬಿದಂತೆ ಕಂಡರೂ ಅದರಲ್ಲಿರುವುದು ಹೆಚ್ಚಾಗಿ ನೀರು. ಬರಿದು ಮಾಡಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ತುಂಬುತ್ತದೆ. ಹಗುರ ಟ್ಯಾಂಕಾಗಿದ್ದರೆ ಸುತ್ತಲಿನ ನೀರಿನ ಒತ್ತಡಕ್ಕೆ ಮೇಲಕ್ಕೆದ್ದು ಬಿರುಕು ಬಿಡುವ ಭಯವೂ ಇದೆ. ಜನವರಿಯಿಂದ ಮೇ ತಿಂಗಳೊಳಗೆ ತಳದ ಕೆಸರನ್ನು ಅಳೆದು ನೋಡಿ ತೆಗೆಸುವುದು ಸರಿ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕಾಗುತ್ತದೆ. ನೀವು ಬಂದು ಹದಿನಾರೇ ತಿಂಗಳಾಗಿರುವಾಗ, ಅದಕ್ಕೆ ಮುಂಚಿನವರು ಮತ್ತು ಮಹಡಿಯವರು ತುಂಬಿಸಿದ ಕೆಸರಿನ ಖರ್ಚನ್ನು ನಿಮ್ಮ ಮೇಲೆ ಹೊರಿಸುವುದು ನ್ಯಾಯವಲ್ಲ. ನೀವು ಇನ್ನೂ ಕೆಲವು ವರ್ಷ ಅಲ್ಲೇ ಉಳಿದರೆ, ಮುಂದಿನ ಸಲ ಎರಡೂ ಮನೆಗಳ ಜನಸಂಖ್ಯೆಯ ಪ್ರಕಾರ ಹಂಚಿಕೊಳ್ಳುವುದು ಸರಿಯಾದ ದಾರಿ.

ಮಾಲೀಕರು ಪತ್ರಕ್ಕೂ ಬಗ್ಗದಿದ್ದರೆ, ಮೂರು ವರ್ಷದೊಳಗೆ ಹಣಕ್ಕಾಗಿ ದಾವೆ ಹೂಡಬಹುದು. 5,000 ರೂಪಾಯಿಗಾಗಿ ಅಷ್ಟು ದೂರ ಹೋಗುವ ಬದಲು, ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವ್ಯಾಜ್ಯಪೂರ್ವ (ದಾವೆ ಹೂಡುವ ಮುಂಚಿನ) ಅರ್ಜಿ ಕೊಟ್ಟು ಲೋಕ ಅದಾಲತ್ತಿನಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಲೇಸು. ಅಲ್ಲಿ ಶುಲ್ಕವಿಲ್ಲ, ಇಬ್ಬರೂ ಒಪ್ಪಿದ ತೀರ್ಮಾನಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅರ್ಜಿದಾರರು ಮಹಿಳೆಯಾದರೆ ಆದಾಯದ ಮಿತಿಯಿಲ್ಲದೆ ವಕೀಲರ ಉಚಿತ ನೆರವೂ ದೊರೆಯುತ್ತದೆ.

ಹನ್ನೊಂದು ತಿಂಗಳ ಕರಾರನ್ನು ಮತ್ತೆ ನವೀಕರಿಸುವಾಗ "ಸಣ್ಣಪುಟ್ಟ ರಿಪೇರಿ" ಎಂಬ ಸಾಲನ್ನು ಹಾಗೆಯೇ ಉಳಿಸಬೇಡಿ. ಮನೆಯಿಂದ ಚೇಂಬರಿನವರೆಗಿನ ಪೈಪಿನ ಸ್ವಚ್ಛತೆ ಬಾಡಿಗೆದಾರರದು. ಚೇಂಬರು ಮತ್ತು ಅದರಾಚೆಯ ಪೈಪು, ಎಲ್ಲ ಪೈಪುಗಳ ಒಡಕು, ಬೇರು, ಕುಸಿತ ಮಾಲೀಕರದು. ಟ್ಯಾಂಕಿನ ಕೆಸರು ತೆಗೆಸುವ ಖರ್ಚು ಇಬ್ಬರದು. ತುರ್ತು ಸಂದರ್ಭದಲ್ಲಿ ಮಾಲೀಕರು ಎರಡು ದಿನದೊಳಗೆ ಕ್ರಮ ಕೈಗೊಳ್ಳದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಎಂದು ಸ್ಪಷ್ಟವಾಗಿ ಬರೆಸಿ. ಸಹಿ ಹಾಕುವ ದಿನ ಚೇಂಬರಿನ ಮುಚ್ಚಳ ತೆಗೆದು ಇಬ್ಬರೂ ಒಟ್ಟಿಗೆ ನೋಡಿ, ಆಗಿನ ಸ್ಥಿತಿಯ ಫೋಟೊವನ್ನು ಕರಾರಿನ ಎರಡೂ ಪ್ರತಿಗಳಿಗೆ ಲಗತ್ತಿಸಿಕೊಳ್ಳಿ.